ಬಿಗಿದುಕೊಂಡ ಸ್ಕ್ರೂ ಬಿಡಿಸುವ ಕ್ರಮ

ಹೈದರಾಬಾದು ಮತ್ತು ಸಿಕಂದರಾಬಾದು ಅವಳಿ ನಗರಗಳಲ್ಲಿ ಮೋಟಾರ್ ಸೈಕಲ್ ಅನೇಕ ಕುಟುಂಬಗಳ ಜೀವನೋಪಾಯಕ್ಕೆ ಆಧಾರವಾಗಿದೆ. ಇದರ ದುರಸ್ತಿಯಲ್ಲಿ ಆಗಾಗ ಎದುರಾಗುವ ತೊಡಕೆಂದರೆ ಎಂಜಿನ್ನಿನ ಪಕ್ಕದ ಮುಚ್ಚಳದಲ್ಲಿ ಕಚ್ಚಿಕೊಂಡ ಸ್ಕ್ರೂ. ರಾಣಿಗಂಜ್‌ನ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ದೊರೆಯುವ ಈ ಸ್ಕ್ರೂವನ್ನು ಅವಸರದಿಂದ ತಿರುಗಿಸಿದರೆ, ಅದಕ್ಕಿಂತ ಹಲವು ಪಟ್ಟು ಬೆಲೆ ಬಾಳುವ ಎಂಜಿನ್ ಕವಚವೇ ಕೆಡಬಹುದು.

ಕಾರಣಗಳು

ಸ್ಕ್ರೂ ಉಕ್ಕಿನದು, ಕವಚವು ಅಲ್ಯೂಮಿನಿಯಂ ಮಿಶ್ರಲೋಹದ್ದು. ಇವೆರಡರ ನಡುವೆ ಮಳೆನೀರು ಸೇರಿದಾಗ ಅಲ್ಯೂಮಿನಿಯಂ ಕ್ರಮೇಣ ಸವೆದು ಬಿಳಿಯ ಪುಡಿಯಾಗುತ್ತದೆ. ಥ್ರೆಡ್ ಎಂದು ಕರೆಯಲಾಗುವ ಸುರುಳಿ ಎಳೆಗಳ ಸಂದಿನಲ್ಲಿ ಈ ಪುಡಿ ತುಂಬಿಕೊಂಡು ಸ್ಕ್ರೂವನ್ನು ಬಿಗಿಹಿಡಿಯುತ್ತದೆ.

ಸ್ಕ್ರೂವಿನ ತಲೆ ಸವೆಯಲು ಕಾರಣ ಬೇರೆ. 1980ರ ದಶಕದ ಮಧ್ಯದಲ್ಲಿ ಸುಜುಕಿ, ಹೋಂಡಾ ಮತ್ತು ಯಮಹಾ ಸಂಸ್ಥೆಗಳ ಸಹಯೋಗದಿಂದ ಭಾರತದಲ್ಲಿ 100 ಸಿ.ಸಿ. ವಾಹನಗಳ ತಯಾರಿಕೆ ಆರಂಭವಾಯಿತು. ಅವುಗಳೊಡನೆ ಜಪಾನಿ ಮಾನಕದ ಸ್ಕ್ರೂಗಳೂ ಬಂದವು. ಇವುಗಳ ತಲೆಯ ಮೇಲಿನ ಪ್ಲಸ್ ಆಕಾರದ ಕಚ್ಚು ಅಮೆರಿಕ ಮೂಲದ ಫಿಲಿಪ್ಸ್ ಕಚ್ಚಿನಂತೆಯೇ ಕಂಡರೂ ಅಳತೆಯಲ್ಲಿ ಭಿನ್ನವಾಗಿದೆ. ಫಿಲಿಪ್ಸ್ ಮಾದರಿಯ ಸ್ಕ್ರೂಡ್ರೈವರ್‌ನ ಮೂತಿ ಇದರಲ್ಲಿ ಪೂರ್ಣವಾಗಿ ಕೂರದೆ, ಬಲ ಹಾಕಿದೊಡನೆ ಮೇಲೆದ್ದು ಅಂಚುಗಳನ್ನು ಕೆರೆದುಹಾಕುತ್ತದೆ. ಜಪಾನಿ ಸ್ಕ್ರೂಗಳ ತಲೆಯ ಮೇಲೆ ಅನೇಕ ವೇಳೆ ಒಂದು ಸಣ್ಣ ಚುಕ್ಕೆ ಇರುತ್ತದೆ. 6 ಮಿಲಿಮೀಟರ್ ಸ್ಕ್ರೂವಿಗೆ ಸಾಮಾನ್ಯವಾಗಿ 3ನೆಯ ಸಂಖ್ಯೆಯ ಮೂತಿ ಬೇಕು. 2ನೆಯ ಸಂಖ್ಯೆಯದು ಸಡಿಲವಾಗುತ್ತದೆ.

ಬಿಡಿಸುವ ವಿಧಾನ

1. ಕಚ್ಚಿನಲ್ಲಿರುವ ಮಣ್ಣು, ಬಣ್ಣಗಳನ್ನು ಮೊನೆಯಿಂದ ತೆಗೆಯಬೇಕು. ಸಂದಿಗೆ ಇಳಿಯುವ ತೆಳು ಎಣ್ಣೆಯನ್ನು ಹಾಕಿ ಒಂದು ರಾತ್ರಿ ಬಿಡುವುದು ಒಳ್ಳೆಯದು. ಬ್ರೇಕಿನ ಭಾಗಗಳಿಗೆ ಈ ಎಣ್ಣೆ ತಗಲಬಾರದು.

2. ತಕ್ಕ ಮೂತಿಯನ್ನು ನೇರವಾಗಿ ಕೂರಿಸಿ ಸುತ್ತಿಗೆಯಿಂದ ಹಗುರವಾಗಿ ತಟ್ಟಬೇಕು. ಈ ಅದುರುವಿಕೆಯಿಂದ ಪುಡಿಯ ಹಿಡಿತ ಸಡಿಲುತ್ತದೆ. ಇಂಪ್ಯಾಕ್ಟ್ ಡ್ರೈವರ್ ಇದ್ದರೆ ಕೆಲಸ ಇನ್ನೂ ಸುಲಭ: ಸುತ್ತಿಗೆಯ ಒಂದೇ ಪೆಟ್ಟು ಮೂತಿಯನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸುತ್ತದೆ. ಅದನ್ನು ಬಿಚ್ಚುವ ದಿಕ್ಕಿಗೆ ಹೊಂದಿಸಿರುವುದನ್ನು ಮೊದಲೇ ನೋಡಿಕೊಳ್ಳಬೇಕು.

3. ಆಗಲೂ ಬಾರದಿದ್ದರೆ ಕವಚವನ್ನು ಬಿಸಿಗಾಳಿಯಿಂದ ಕಾಯಿಸಬೇಕು. 100 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಏರಿದಾಗ ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಸುಮಾರು 2.3 ಮಿಲಿಮೀಟರ್ ಹಿಗ್ಗಿದರೆ, ಉಕ್ಕು ಸುಮಾರು 1.2 ಮಿಲಿಮೀಟರ್ ಮಾತ್ರ ಹಿಗ್ಗುತ್ತದೆ. ಆದುದರಿಂದ ರಂಧ್ರ ಅಗಲವಾಗಿ ಹಿಡಿತ ಕಡಿಮೆಯಾಗುತ್ತದೆ. ಕಾಯಿಸುವ ಮುನ್ನ ಎಣ್ಣೆಯನ್ನು ಒರೆಸಿ ತೆಗೆಯಬೇಕು. ಪೆಟ್ರೋಲ್ ಟ್ಯಾಂಕ್, ಕಾರ್ಬ್ಯುರೇಟರ್‌ಗಳ ಬಳಿ ಬೆಂಕಿಯ ಜ್ವಾಲೆಯನ್ನು ಎಂದಿಗೂ ಬಳಸಬಾರದು.

4. ಕಚ್ಚು ಪೂರ್ಣ ಸವೆದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ತಲೆಯ ಮೇಲೆ ನೇರ ಗೀರು ಕೊಯ್ದು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ತಿರುಗಿಸಬಹುದು. ಅದೂ ವಿಫಲವಾದರೆ ಡ್ರಿಲ್‌ನಿಂದ ತಲೆಯನ್ನಷ್ಟೇ ಕೊರೆದು ತೆಗೆಯಬೇಕು. ತಲೆ ಬೇರ್ಪಟ್ಟೊಡನೆ ಸ್ಕ್ರೂವಿನ ಮೇಲಿನ ಎಳೆತ ಇಲ್ಲವಾಗುತ್ತದೆ. ಮುಚ್ಚಳ ತೆಗೆದ ಮೇಲೆ ಉಳಿದ ತುಂಡನ್ನು ಇಕ್ಕಳದಿಂದ ಹಿಡಿದು ತಿರುಗಿಸಬಹುದು. ಕೊರೆಯುವಾಗ ಕಣ್ಣಿಗೆ ರಕ್ಷಕ ಕನ್ನಡಕ ಧರಿಸುವುದು ಅವಶ್ಯ.

5. ತುಂಡು ಒಳಗೇ ಮುರಿದರೆ ಎಕ್ಸ್‌ಟ್ರಾಕ್ಟರ್ ಬಳಸುವುದುಂಟು. ಆದರೆ ಅದು ಗಡಸು ಉಕ್ಕಿನದಾದುದರಿಂದ ಒಳಗೆ ಮುರಿದರೆ ಸಾಧಾರಣ ಡ್ರಿಲ್‌ಗೆ ಬಗ್ಗದು. ಈ ಹಂತದಲ್ಲಿ ಅನುಭವಿ ಲೇತ್ ಕೆಲಸಗಾರರ ನೆರವು ಪಡೆಯುವುದೇ ಲೇಸು. ಹಾಳಾದ ಥ್ರೆಡ್‌ಗೆ ಅವರು ತಂತಿಯ ಸುರುಳಿ ಕೂರಿಸಿ ಕವಚವನ್ನು ಉಳಿಸಬಲ್ಲರು.

ಮರುಜೋಡಣೆ

ರಂಧ್ರವನ್ನು ಶುಚಿಗೊಳಿಸಿ, ಅದೇ ಉದ್ದದ ಹೊಸ ಸ್ಕ್ರೂವಿಗೆ ತೆಳುವಾಗಿ ಗ್ರೀಸ್ ಸವರಿ, ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಬೇಕು. ಎಲ್ಲ ಸ್ಕ್ರೂಗಳನ್ನೂ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಬೇಕು. ಆರು ಮೂಲೆಯ ಕುಳಿಯುಳ್ಳ ಆಲನ್ ಸ್ಕ್ರೂಗಳ ತಲೆ ಬೇಗ ಸವೆಯದು. ಆದರೆ ಅವುಗಳ ಕೀಲಿಯಿಂದ ಅತಿಯಾಗಿ ಬಿಗಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುವ ಭಯವುಂಟು.

ಹೈದರಾಬಾದಿನ ಬಾಲಾನಗರದಲ್ಲಿ ಭಾರತ ಸರ್ಕಾರವು 1968ರಲ್ಲಿ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯನ್ನು ಸ್ಥಾಪಿಸಿತು. ಉಪಕರಣಗಳ ವಿನ್ಯಾಸಕ್ಕೆಂದೇ ಒಂದು ಸಂಸ್ಥೆ ಇರುವುದು ಅಳತೆಗೆ ತಕ್ಕ ಉಪಕರಣದ ಮಹತ್ವವನ್ನು ಸೂಚಿಸುತ್ತದೆ. ಬೀದಿಬದಿಯ ದುರಸ್ತಿ ಅಂಗಡಿಯಲ್ಲಿಯೂ ಸರಿಯಾದ ಒಂದು ಮೂತಿ ಮತ್ತು ಒಂದು ರಾತ್ರಿಯ ತಾಳ್ಮೆಯಿಂದ ಎಷ್ಟೋ ಕವಚಗಳು ಉಳಿಯುತ್ತವೆ.