ಮೊದಲ ಕರಡಿಗೆ ಯಾವ ಟೂಲ್?

ಹಾಲಿನ ಸೊಸೈಟಿಯ ಸದಸ್ಯರಿಗಾಗಿ ಆ್ಯಪ್ ಮಾಡಲು ಹೊರಟಿದ್ದೀರಿ, ಆದರೆ ಪರದೆ ವಿನ್ಯಾಸದ ಟೂಲ್ ಆದ ಫಿಗ್ಮಾ ಕಲಿಯುವುದರಲ್ಲೇ ದಿನ ಹೋಗುತ್ತಿದೆ ಎಂದು ಬರೆದಿದ್ದೀರಿ. ಸದ್ಯಕ್ಕೆ ಅದನ್ನು ಪಕ್ಕಕ್ಕಿಡಿ.

ಈಗ ಬೇಕಿರುವುದು ಚೆಂದದ ಪರದೆಯಲ್ಲ. ಯಾವ ಪರದೆಯಲ್ಲಿ ಏನಿರಬೇಕು, ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ ಎಂಬುದು ತೀರ್ಮಾನವಾಗಬೇಕು. ಅದಕ್ಕೆ ಪೆನ್ಸಿಲ್, ಹಾಳೆ ಸಾಕು. ಫೋನಿನ ಅಳತೆಯ ಚೌಕ ಎಳೆದು ‘ಇವತ್ತಿನ ಹಾಲು’, ‘ಫ್ಯಾಟ್’, ‘ಬಟವಾಡೆ’ ಎಂದು ಬರೆಯಿರಿ. ನಾಲ್ಕಾರು ಸದಸ್ಯರ ಕೈಗೆ ಕೊಟ್ಟು, ‘ದುಡ್ಡು ಎಷ್ಟಾಯ್ತು ಅಂತ ನೋಡೋಕೆ ಎಲ್ಲಿ ಒತ್ತುತ್ತೀರಿ?’ ಎಂದು ಕೇಳಿ. ಬಣ್ಣ ಬಳಿದು ತೋರಿಸಿದರೆ ಮಾತೆಲ್ಲ ಬಣ್ಣದ ಕಡೆಗೇ ಹೋಗುತ್ತದೆ. ಗೀಚಿದ್ದನ್ನು ತೋರಿಸಿದರೆ ತಪ್ಪು ಹೇಳಲು ಯಾರೂ ಅಷ್ಟು ಹಿಂಜರಿಯುವುದಿಲ್ಲ.

ತಂಡದವರು ಬೇರೆ ಬೇರೆ ಊರಲ್ಲಿದ್ದರೆ ಎಕ್ಸ್‌ಕ್ಯಾಲಿಡ್ರಾ ಬಳಸಿ. ಬ್ರೌಸರಿನಲ್ಲೇ ಉಚಿತವಾಗಿ ತೆರೆಯುತ್ತದೆ, ಗೆರೆಗಳೂ ಕೈಯಲ್ಲಿ ಎಳೆದಂತೆ ಕಾಣುತ್ತವೆ. 2008ರಲ್ಲಿ ಬಂದ ಬಾಲ್ಸಮಿಕ್ ಕೂಡ ಇದೇ ಗುಣದ್ದು. ಬಟನ್ನು, ಮೆನುಗಳು ಸಿದ್ಧವಾಗಿ ಸಿಗುತ್ತವೆ, ಆದರೆ ದುಡ್ಡು ಕೊಡಬೇಕು. ಒತ್ತಿದರೆ ಮುಂದಿನ ಪರದೆಗೆ ಹೋಗುವ ಮಾದರಿ ಬೇಕಾದಾಗ ಫಿಗ್ಮಾಕ್ಕೆ ಮರಳಿ. ಮುಕ್ತ ತಂತ್ರಾಂಶವೇ ಬೇಕೆಂದರೆ ಪೆನ್‌ಪಾಟ್ ಇದೆ.

ಯಾವುದನ್ನೇ ಆರಿಸಿ, ಚೌಕಗಳಲ್ಲಿ ಜಾಗ ತುಂಬಲು ಬಳಸುವ ಅರ್ಥವಿಲ್ಲದ ಲ್ಯಾಟಿನ್ ಪಠ್ಯ ಹಾಕಬೇಡಿ. ಸದಸ್ಯರು ಓದಲಿರುವ ಕನ್ನಡವನ್ನೇ ಹಾಕಿ. ‘ಹತ್ತು ದಿನದ ಬಟವಾಡೆ ವಿವರ’ 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಒಂದೇ ಸಾಲಿಗೆ ಹಿಡಿಸುತ್ತದೆಯೇ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆಯೇ ಎಂದು ಈಗಲೇ ನೋಡಿಕೊಳ್ಳಿ. ಕೋಡ್ ಬರೆದಾದ ಮೇಲೆ ಇದು ಗೊತ್ತಾದರೆ ಅರ್ಧ ಪರದೆಗಳನ್ನು ಮತ್ತೆ ಮಾಡಬೇಕಾಗುತ್ತದೆ.