ಒಂದೇ ಗುಣಕ್ಕೆ ಹಲವು ಹೆಸರು

ಅಚ್ಚಾದ ಪುಟದ ಚಿತ್ರವನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ ಅದು ಅಕ್ಷರಗಳನ್ನು ಗುರುತಿಸಿ ಪಠ್ಯವನ್ನು ಕೊಡುವುದಷ್ಟೆ. ಆದರೆ ಬರಿಯ ಪಠ್ಯದಿಂದ ಕೆಲಸ ಪೂರೈಸದು. ಪ್ರತಿಯೊಂದು ಪದವೂ ಪುಟದ ಯಾವ ಎಡೆಯಲ್ಲಿತ್ತು, ಯಂತ್ರವು ಅದನ್ನು ಎಷ್ಟು ಭರವಸೆಯಿಂದ ಓದಿತು ಎಂಬುದೂ ತಿಳಿಯಬೇಕು. ಈ ವಿವರಗಳನ್ನು ಪಠ್ಯದೊಡನೆಯೇ ಬರೆದಿಡುವ ಒಂದು ಕ್ರಮಕ್ಕೆ ಎಚ್‌ಒಸಿಆರ್ ಎಂದು ಹೆಸರು. ಜರ್ಮನಿಯಲ್ಲಿ ಸಂಶೋಧನೆ ನಡೆಸುತ್ತಿದ್ದ ಥಾಮಸ್ ಬ್ರೂಯೆಲ್ ಅವರು 2007ರಲ್ಲಿ ಇದನ್ನು ವಿದ್ವಾಂಸರ ಮುಂದಿಟ್ಟರು.

ಬ್ರೂಯೆಲ್ ಅವರು ಹೊಸದೊಂದು ಭಾಷೆಯನ್ನು ಕಟ್ಟಲಿಲ್ಲ. ಜಾಲಪುಟಗಳಿಗೆ ಬಳಸುವ ಎಚ್‌ಟಿಎಂಎಲ್ ಅನ್ನೇ ಆಯ್ದುಕೊಂಡರು. ಪದದ ಸುತ್ತ ಒಂದು ಗುರುತು, ಆ ಗುರುತಿನ ‘ಟೈಟಲ್’ ಎಂಬ ಜಾಗದಲ್ಲಿ ಗುಣಗಳ ಪಟ್ಟಿ. ‘ಬಿಬಾಕ್ಸ್’ ಎಂದು ಬರೆದು ನಾಲ್ಕು ಅಂಕಿಗಳನ್ನಿತ್ತರೆ ಪದದ ಸುತ್ತಳತೆಯ ಚೌಕ ದೊರೆಯಿತು. ಇಲ್ಲಿಯವರೆಗೆ ತಂಟೆಯಿಲ್ಲ. ಆಯಾ ಯಂತ್ರಕ್ಕೇ ವಿಶಿಷ್ಟವಾದ ಗುಣಗಳ ಹೆಸರು ‘ಎಕ್ಸ್_’ ಎಂದು ಆರಂಭವಾಗಲಿ ಎಂಬ ಸ್ವಾತಂತ್ರ್ಯವನ್ನೂ ಕ್ರಮವು ಕೊಟ್ಟಿದೆ. ಗೊಂದಲವು ಒಳಹೊಕ್ಕುದು ಈ ಬಾಗಿಲಿನಿಂದಲೇ ಎಂದು ನನ್ನ ಅಭಿಪ್ರಾಯ.

ಭರವಸೆಯ ಅಂಕಿಯನ್ನೇ ನೋಡೋಣ. ಇಡೀ ಪದಕ್ಕಾದರೆ ‘ಎಕ್ಸ್_ಡಬ್ಲ್ಯುಕಾನ್ಫ್’, ಬಿಡಿ ಅಕ್ಷರಗಳಿಗಾದರೆ ಬಹುವಚನದ ‘ಎಕ್ಸ್_ಕಾನ್ಫ್ಸ್’ ಎಂಬುದು ಕ್ರಮದ ಮಾತು. ಕನ್ನಡವನ್ನೂ ಓದಬಲ್ಲ, 2005ರಿಂದ ಎಲ್ಲರಿಗೂ ಮುಕ್ತವಾಗಿರುವ ಟೆಸರಾಕ್ಟ್ ತಂತ್ರಾಂಶವು ಅಕ್ಷರಗಳ ವಿವರವನ್ನು ಬರೆಯುವಾಗ ‘ಎಕ್ಸ್_ಕಾನ್ಫ್’ ಎಂದು ಏಕವಚನವನ್ನು ಬಳಸುತ್ತದೆ. ಮನುಷ್ಯರಿಗೆ ಇದು ಅಲ್ಪ ಭೇದ. ಬಹುವಚನವನ್ನೇ ಹುಡುಕುವ ತಂತ್ರಾಂಶಕ್ಕಾದರೋ ಅಲ್ಲಿ ಏನೂ ಇಲ್ಲ!

ದೋಷವು ಕೂಗಿ ಹೇಳಿಕೊಂಡಿದ್ದರೆ ಚಿಂತೆಯಿರಲಿಲ್ಲ. ಟೈಟಲ್‌ನಲ್ಲಿ ಏನು ಬರೆದಿದ್ದರೂ ಎಚ್‌ಟಿಎಂಎಲ್ ಆಕ್ಷೇಪಿಸದು. ಕರಡು ತಿದ್ದುವವರಿಗೆ ಭರವಸೆ ಕಡಿಮೆಯಿರುವ ಪದಗಳನ್ನು ಮಾತ್ರ ತೋರಿಸುವ ಏರ್ಪಾಡಿದೆಯೆಂದು ಭಾವಿಸಿ. ಅಂಕಿ ಸಿಗದಿದ್ದಾಗ 0 ಎಂದು ಹಿಡಿದರೆ ಪುಸ್ತಕವೆಲ್ಲವೂ ಸಂದೇಹಾಸ್ಪದ. 100 ಎಂದು ಹಿಡಿದರೆ ಒಂದು ಪದವೂ ತಿದ್ದುವವರ ಕಣ್ಣಿಗೆ ಬೀಳದು. ಎರಡನೆಯದೇ ಘೋರ. ‘ಪರ’ ಎಂಬುದನ್ನು ಯಂತ್ರವು ‘ವರ’ ಎಂದು ಓದಿತೆನ್ನಿ. ಎರಡೂ ನಿಘಂಟಿನಲ್ಲಿವೆ, ಕಾಗುಣಿತದ ಪರೀಕ್ಷೆ ಅದನ್ನು ಹಿಡಿಯಲಾರದು. ಆ ಒಂದು ಅಂಕಿಯೇ ಅಲ್ಲಿ ದಿಕ್ಕು.

ಕನ್ನಡಕ್ಕೆ ಇನ್ನೂ ಒಂದು ತೊಡಕುಂಟು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು 6 ಸಂಕೇತಗಳ ಸಾಲು. ಅಕ್ಷರಕ್ಕೊಂದು ಅಂಕಿ ಎಂದಾಗ ಬರೆಯುವ ತಂತ್ರಾಂಶ ಒಂದನ್ನಿತ್ತು, ಓದುವ ತಂತ್ರಾಂಶ ಆರನ್ನು ನಿರೀಕ್ಷಿಸಿದರೆ, ಹೆಸರು ಹೊಂದಿದರೂ ಲೆಕ್ಕ ಹೊಂದದು.

ಎಲ್ಲರೂ ಒಂದೇ ಹೆಸರನ್ನು ಬಳಸಲಿ ಎಂದರೆ ಈಗಾಗಲೇ ಸಿದ್ಧವಾಗಿರುವ ಕಡತಗಳ ಗತಿಯೇನು? ಓದುವ ತಂತ್ರಾಂಶವು ಅಂಕಿ ಸಿಗದಾಗ ಊಹಿಸದೆ ‘ಸಿಗಲಿಲ್ಲ’ ಎಂದು ತಿಳಿಸುವುದು ಲೇಸು. ಬರೆದ ತಂತ್ರಾಂಶ ಯಾವುದು, ಏನೇನನ್ನು ಗುರುತಿಸಿದೆ ಎಂದು ಹೇಳುವ ಎರಡು ಸಾಲುಗಳಿಗೆ ಕಡತದ ತಲೆಯಲ್ಲಿ ಸ್ಥಳವಿದೆ. (ಅಲ್ಲಿ ಟೆಸರಾಕ್ಟ್ ಪದದ ಭರವಸೆಯನ್ನು ‘ಒಸಿಆರ್‌ಪಿ_ಡಬ್ಲ್ಯುಕಾನ್ಫ್’ ಎನ್ನುತ್ತದೆ, ಮತ್ತೊಂದು ಹೆಸರು!) ಯಾವ ಹೆಸರನ್ನು ಹುಡುಕಬೇಕೆಂಬುದನ್ನು ಆ ಸಾಲುಗಳನ್ನು ನೋಡಿಯೇ ನಿರ್ಧರಿಸಬಹುದು. ಹಳೆಯ ಕನ್ನಡ ಪತ್ರಿಕೆಗಳನ್ನು ಗಣಕಕ್ಕೇರಿಸುವವರು ಕಡತವನ್ನು ಹಗುರ ಮಾಡುವ ಭರದಲ್ಲಿ ಅವನ್ನು ಅಳಿಸದಿರಲಿ.