ಒಂದು ಚೊಂಬು ನೀರು ಕಡಿಮೆ

ಮೈಸೂರಿನ ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲು ತೆರೆದರೆ ನಾಲ್ಕಡಿ ಅಗಲದ ಬಾಲ್ಕನಿ. ಅಲ್ಲಿ ಈಗ ಹನ್ನೊಂದು ಕುಂಡಗಳಿವೆ: ದಾಸವಾಳ, ಮಲ್ಲಿಗೆ, ಕನಕಾಂಬರ, ಸೇವಂತಿಗೆ, ಮೂಲೆಯಲ್ಲೊಂದು ದೊಡ್ಡಪತ್ರೆ. ಇಷ್ಟಾಗುವ ಮೊದಲು ಮೂರು ಮಲ್ಲಿಗೆ ಗಿಡಗಳನ್ನು ಕಳೆದುಕೊಂಡಿದ್ದೇನೆ. ಒಂದೂ ನೀರಿಲ್ಲದೆ ಒಣಗಿದ್ದಲ್ಲ.

ಎಲೆ ಹಳದಿಯಾಗಿ ಜೋತುಬಿದ್ದಾಗಲೆಲ್ಲ ಬಾಯಾರಿದೆ ಎಂದುಕೊಂಡು ಇನ್ನೊಂದು ಚೊಂಬು ಹುಯ್ಯುತ್ತಿದ್ದೆ. ಮೂರನೆಯದನ್ನು ಕಿತ್ತು ನೋಡಿದೆ. ಬೇರು ಕಪ್ಪಾಗಿತ್ತು, ಮುಟ್ಟಿದರೆ ಸಿಪ್ಪೆ ಜಾರಿ ಬೆರಳಿಗೆ ಬರುತ್ತಿತ್ತು. ಕುಂಡದ ತಳದ ತೂತು ಮಣ್ಣು ಮೆತ್ತಿಕೊಂಡು ಮುಚ್ಚಿಹೋಗಿತ್ತು. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಅದು ಉಸಿರುಗಟ್ಟಿ ಕೊಳೆಯುತ್ತದೆ, ಕೊಳೆತ ಬೇರು ನೀರೆಳೆಯಲಾರದು. ಕೆಸರಲ್ಲಿ ನಿಂತೇ ಗಿಡ ಬಾಡುತ್ತದೆ. ಅದನ್ನು ನೋಡಿದ ನಾನು ಮತ್ತೆ ನೀರು ಹಾಕುತ್ತಿದ್ದೆ. ಅಕ್ಕರೆಯಿಂದಲೇ ಹಾಕುತ್ತಿದ್ದೆ ಎಂಬುದನ್ನು ನೆನೆದರೆ ಇಂದಿಗೂ ಹೊಟ್ಟೆ ಚುರುಕ್ಕೆನ್ನುತ್ತದೆ.

ಆ ಬೇಸಿಗೆಗೆ ತೀರ್ಥಹಳ್ಳಿಯಿಂದ ಅಮ್ಮ ಬಂದಳು, ಬೇರು ಬಿಟ್ಟ ಮಲ್ಲಿಗೆ ಕಡ್ಡಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು. ಹನ್ನೆರಡು ಇಂಚಿನ ಮಣ್ಣಿನ ಕುಂಡ ತರಿಸಿದಳು. ತೂತಿನ ಮೇಲೆ ಹೆಂಚಿನ ಚೂರು ಮಗುಚಿಟ್ಟು, ಕೆಂಪುಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ ಕಲಸಿ ತುಂಬಿದಳು. ಮರುದಿನ ಬೆಳಿಗ್ಗೆ ಚೊಂಬು ಹಿಡಿದು ಹೊರಟ ನನ್ನನ್ನು ತಡೆದು, ಮಣ್ಣಿನಲ್ಲಿ ಬೆರಳಿಳಿಸಿ, "ಒಳಗೆ ಇನ್ನೂ ಪಸೆ ಇದೆಯಲ್ಲೇ, ಇವತ್ತು ಬೇಡ ಬಿಡು" ಅಂದಳು.

ಅದೇ ಮಧ್ಯಾಹ್ನ ಒಲೆಯ ಮುಂದೆಯೂ ನನ್ನ ಕೈ ಹಿಡಿದಳು. ಹೀರೆಕಾಯಿ ಪಲ್ಯಕ್ಕೆ ನಾನು ಯಾವಾಗಲೂ ಒಂದು ಲೋಟ ನೀರು ಹಾಕಿ ಬೇಯಿಸಿ, ಕೊನೆಗೆ ಅದನ್ನು ಇಂಗಿಸಲು ಪರದಾಡುತ್ತಿದ್ದೆ. ಪಲ್ಯ ಮುದ್ದೆಯಾಗುತ್ತಿತ್ತು. "ಅದರೊಳಗೇ ನೀರಿದೆ ಕಣೇ, ಮತ್ತೆ ಯಾಕೆ?" ಅಂದಳು. ಎಣ್ಣೆಗೆ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು. ಹೋಳು ಹಾಕಿ ಉಪ್ಪು ಉದುರಿಸಿ ತಟ್ಟೆ ಮುಚ್ಚಿ ಸಣ್ಣ ಉರಿ. ಉಪ್ಪು ತಾಗಿದ ಹೋಳು ತಾನಾಗಿ ನೀರು ಬಿಟ್ಟುಕೊಂಡು ಅದರಲ್ಲೇ ಬೇಯುತ್ತದೆ. ಹತ್ತು ನಿಮಿಷ ಸಾಕು. ತಟ್ಟೆ ತೆಗೆದು ಒಮ್ಮೆ ಕೈಯಾಡಿಸಿ ಕಾಯಿತುರಿ ಹಾಕಿದರೆ ಮುಗಿಯಿತು. ಹೀರೆಕಾಯಿಗೆ ಇಷ್ಟು ಸಿಹಿಯಿದೆ ಎಂದು ನನಗೆ ಗೊತ್ತಾದದ್ದೇ ಅಂದು. ಹೆಚ್ಚುವ ಮೊದಲು ಚೂರು ಬಾಯಿಗೆ ಹಾಕಿಕೊಂಡು ನೋಡುವುದನ್ನೂ ಅವಳೇ ಹೇಳಿಕೊಟ್ಟಳು. ಕಹಿಯಿದ್ದರೆ ಆ ಕಾಯಿ ತಿನ್ನಬಾರದು. ಕಹಿಯಿಲ್ಲದ ಕಾಯಿಯ ಸಿಪ್ಪೆ ಮಾತ್ರ ಎಸೆಯುವಂತಿಲ್ಲ. ಹುರಿದು, ಹುಣಸೆಹಣ್ಣು, ಕಾಯಿ, ಮೆಣಸಿನಕಾಯಿ ಜೊತೆ ಅರೆದರೆ ರಾತ್ರಿಯ ದೋಸೆಗೆ ಚಟ್ನಿ.

ಹಾಗಂತ ಎಲ್ಲ ತರಕಾರಿಯೂ ಹೀರೆಕಾಯಿಯಲ್ಲ. ಹುರುಳಿಕಾಯಿಗೆ ನೀರು ಚಿಮುಕಿಸಲೇಬೇಕು, ಗೋರಿಕಾಯಿಯನ್ನು ಮೊದಲೇ ಬೇಯಿಸಿಕೊಂಡರೆ ಒಳ್ಳೆಯದು. ಅಳತೆ ಕೇಳಿದರೆ ಅಮ್ಮ ಹೇಳುತ್ತಿರಲಿಲ್ಲ, ತಟ್ಟೆ ಎತ್ತಿ ತೋರಿಸುತ್ತಿದ್ದಳು.

ಸೇವಂತಿಗೆಯ ಪಾಠ ಮಾತ್ರ ಅಮ್ಮನಿಗೂ ಹೊಸದು. ಒಂದೇ ನರ್ಸರಿಯಿಂದ ತಂದ ಎರಡು ಸಸಿಗಳಿಗೆ ಒಂದೇ ಮಣ್ಣು, ಒಂದೇ ಗೊಬ್ಬರ. ದಾಸವಾಳದ ಮರೆಯಲ್ಲಿದ್ದದ್ದು ಅಕ್ಟೋಬರ್ ಹೊತ್ತಿಗೆ ಮೊಗ್ಗು ತುಂಬಿಕೊಂಡಿತು. ಬಾಗಿಲ ಪಕ್ಕದ್ದು ಸೊಂಪಾಗಿ ಬೆಳೆಯಿತು, ಬರೀ ಎಲೆ. ಗೊಬ್ಬರ ಸಾಲದೇನೋ ಎಂದು ನರ್ಸರಿಯಲ್ಲಿ ವಿಚಾರಿಸಿದರೆ ಆತ ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಅಲ್ಲಿ ಲೈಟ್ ಉರಿಯುತ್ತಾ?"

ಉರಿಯುತ್ತಿತ್ತು. ಧೈರ್ಯಕ್ಕೆಂದು ಬೆಳಗಿನವರೆಗೂ ಬಿಟ್ಟಿರುತ್ತಿದ್ದ ಟ್ಯೂಬ್‌ಲೈಟ್. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಮೈಸೂರಿನಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಅಷ್ಟನ್ನು ಆ ಗಿಡ ಎಣಿಸುತ್ತದೆ. ಹೂ ತಡವಾಗಿ ಬೇಕೆಂದಾಗ ಬೆಳೆಗಾರರು ರಾತ್ರಿ ದೀಪ ಉರಿಸುವುದುಂಟಂತೆ. ನಾನು ತಿಳಿಯದೆ ಅದನ್ನೇ ಮಾಡುತ್ತಿದ್ದೆ. ಅಂದಿನಿಂದ ಲೈಟ್ ಹಾಕುವುದು ಬಿಟ್ಟೆ. ಡಿಸೆಂಬರ್ ಕೊನೆಯಲ್ಲಿ ಅದೂ ಹಳದಿ ಹೂ ಬಿಟ್ಟಿತು. ಕತ್ತಲೂ ಗಿಡಕ್ಕೆ ಆಹಾರದಷ್ಟೇ ಬೇಕಾದದ್ದು ಎಂದು ಯಾರೂ ನನಗೆ ಹೇಳಿರಲಿಲ್ಲ.

ಅಮ್ಮ ಕೊಟ್ಟ ಮಲ್ಲಿಗೆಯನ್ನು ಪ್ರತಿ ಜನವರಿಯಲ್ಲಿ ಸವರುತ್ತೇನೆ, ಹೊಸ ಚಿಗುರಿನಲ್ಲೇ ಅದು ಮೊಗ್ಗು ಬಿಡುವುದು. ಬೆಳಿಗ್ಗೆ ಅಕ್ಕಿ ತೊಳೆದ ನೀರು, ಅಮ್ಮನ ಬಾಯಲ್ಲಿ ಅಕ್ಕಚ್ಚು, ಹಿಡಿದು ಬಾಲ್ಕನಿಗೆ ಹೋಗಿ ಒಂದೊಂದು ಕುಂಡಕ್ಕೂ ಬೆರಳಿಡುತ್ತೇನೆ. ಇವತ್ತು ಬೇಕಿದ್ದದ್ದು ಮೂರಕ್ಕೆ ಮಾತ್ರ. ಮಿಕ್ಕಿದ್ದನ್ನು ಮೆಟ್ಟಿಲಿಳಿದು ಕೆಳಗಿನ ಮನೆಯವರ ತೆಂಗಿನ ಬುಡಕ್ಕೆ ಹುಯ್ದು ಬಂದೆ.